ಟಿಟ್ಟಿಭದ ಚಿತ್ರದೊಳಗಿನ ನೆರಳು

ನಾನು ನಿಂತಿದ್ದು ದೌಂಡದಾಚೆ, ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹಳಿಯ ಬಲಕ್ಕೆ, ಕಬ್ಬಿನ ಹೊಲಗಳು ಮುಗಿದು ಮಾಳ ಶುರುವಾಗುವಲ್ಲಿದ್ದ ಒಂದು ಮಣ್ಣಿನ ಬದುವಿನ ಹಿಂದೆ. ಮುಖ ದಕ್ಷಿಣಕ್ಕಿತ್ತು. ೧೯೯೬ರ ಏಪ್ರಿಲ್ ತಿಂಗಳ ಒಂದು ರವಿವಾರ. ಸೂರ್ಯ ಹುಟ್ಟಿ ಬಹಳ ಹೊತ್ತಾಗಿರಲಿಲ್ಲ. ಬಿಸಿಲು ನನ್ನ ಎಡಗೆನ್ನೆಗೆ ಬೀಳುತ್ತಿತ್ತು, ನನ್ನ ನೆರಳು ಬಲಕ್ಕೆ ನನ್ನ ಎರಡರಷ್ಟು ಉದ್ದ ಚಾಚಿತ್ತು. ಕಣ್ಣಿಗೆ ದುರ್ಬೀನು ಹಿಡಿದಿದ್ದೆ. ಅದರೊಳಗೆ ಎಡಗಡೆ ಮೂರು ಬಿದಿರುಕಾಲುಗಳ ಮೇಲೆ ಒಂದು ಕ್ಯಾಮೆರಾ, ಬಲಗಡೆ ನೆಲದ ಮೇಲೆ ಹಳದಿ ಟಿಟ್ಟಿಭದ ಗೂಡು. ನನಗೂ ಅವಕ್ಕೂ ನಡುವೆ ಒಂದು ಹುಲ್ಲುಕಡ್ಡಿ ಕೂಡ ಅಡ್ಡ ಇರಲಿಲ್ಲ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಬೆಳಿಗ್ಗೆ ಆ ಕ್ಯಾಮೆರಾ ತೆಗೆದ ಚಿತ್ರವನ್ನು ಪುಣೆಯ ಕನ್ನಡದ ಮನೆಗಳಲ್ಲಿ ಬಹಳ ಮಂದಿ ನೋಡಿದ್ದಾರೆ. ಹಕ್ಕಿಯೊಂದು ರೆಕ್ಕೆ ಹರಡಿ, ಬಾಯಿ ತೆರೆದು, ನೋಡುವವರ ಕಣ್ಣಿಗೆ ಕಣ್ಣಿಟ್ಟು ನಿಂತಿದೆ. ಅದರ ಕಾಲ ಬಳಿ ಮೂರು ಮೊಟ್ಟೆ, ಒಂದು ಒದ್ದೆ ಮರಿ. ಕೆಳಗೆ ‘ತಾಯಿ’ ಎಂದು ಅಚ್ಚಾಗಿದೆ. ಚಿತ್ರ ತೆಗೆದವರು ಅದರ ಬಗ್ಗೆ ಬೇರೆಯೇ ಒಂದು ಸಂಗತಿ ಹೇಳಬೇಕೆಂದಿದ್ದರು. ಹೇಳಿದರು ಕೂಡ. ಅದು ಯಾರಿಗೂ ಮುಟ್ಟಲಿಲ್ಲ. ಮುಟ್ಟದೆ ಹೋದದ್ದರಿಂದ ಆಮೇಲೆ ಎಷ್ಟು ಗೂಡುಗಳು ಹಾಳಾದವೋ ನಾನು ಹೇಳಲಾರೆ, ಯಾರೂ ಹೇಳಲಾರರು.

ಅವರನ್ನು ನಾವು ಅಣ್ಣಾ ಎನ್ನುತ್ತಿದ್ದೆವು. ದೌಂಡ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು, ಕಲಬುರ್ಗಿ ಕಡೆಯವರು. ನಾನು ಆಗ ಪುಣೆ ಕ್ಯಾಂಪಿನ ಒಂದು ಬಟ್ಟೆ ವ್ಯಾಪಾರದ ಆಫೀಸಿನಲ್ಲಿದ್ದೆ. ನಮ್ಮ ಗಂಟುಗಳು ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗುತ್ತಿದ್ದವು. ದಾರಿತಪ್ಪಿದ ಒಂದು ಗಂಟಿನ ವಿಚಾರಕ್ಕೆ ಅವರ ಮೇಜಿನ ಮುಂದೆ ನಿಂತು ನಾನು ಮರಾಠಿಯಲ್ಲಿ ಜಗಳ ಶುರು ಮಾಡಿದೆ. ಅವರು ಸ್ವಲ್ಪ ಹೊತ್ತು ಕೇಳಿ, ನನ್ನ ಮರಾಠಿ ವಿಜಾಪುರದ ಮರಾಠಿ ಎಂದು ಹಿಡಿದುಬಿಟ್ಟರು. ಗಂಟು ಸಿಕ್ಕಿತು. ಅವರ ಮೇಜಿನ ಗಾಜಿನ ಕೆಳಗೆ ನಾಲ್ಕು ಮೊಟ್ಟೆಗಳ ಒಂದು ಫೋಟೋ ಇತ್ತು. ಮೊದಲಿಗೆ ನನಗೆ ಬರೀ ಗರಸು ಮಣ್ಣು ಕಂಡಿತು. ಅವರು ಬೆರಳಿಟ್ಟು ತೋರಿಸಿದ ಮೇಲೆ ಮೊಟ್ಟೆ ಕಂಡವು, ಆಮೇಲೆ ಅವು ಕಾಣದಂತೆ ನೋಡುವುದು ಆಗಲಿಲ್ಲ. ಮುಂದಿನ ರವಿವಾರವೇ ಅವರ ಹಿಂದೆ ಮಾಳಕ್ಕೆ ಹೋದೆ.

ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಎದೆಯನ್ನು ನೆಲಕ್ಕೊತ್ತಿ ತಿರುಗಿ ತಿರುಗಿ ಒಂದು ತಟ್ಟೆಯಷ್ಟು ತಗ್ಗು ಮಾಡುತ್ತದೆ, ಅಂಚಿಗೆ ಹರಳು, ಕುರಿಹಿಕ್ಕೆ ಸೇರಿಸುತ್ತದೆ. ಚೂಪು ತುದಿಗಳು ಒಳಮುಖವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಕಾವು ಕೂಡುತ್ತವೆ. ಬಿಸಿಲು ಏರಿದಾಗ ಅದು ಕಾವಲ್ಲ, ನೆರಳು. ಒಂದು ಹಕ್ಕಿ ಕಾಲುವೆಯ ಹತ್ತಿರ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ನಿಲ್ಲುತ್ತದೆ, ಇನ್ನೊಂದು ಎದ್ದು ಹೋಗುತ್ತದೆ. ಅಣ್ಣಾ ಇದೆಲ್ಲದರ ಚಿತ್ರ ತೆಗೆದಿದ್ದರು. ತಗ್ಗು ತೋಡುವುದು, ಮೊದಲ ಮೊಟ್ಟೆ, ನಾಲ್ಕು ಮೊಟ್ಟೆ, ತೊಯ್ದ ಹೊಟ್ಟೆ. ಬಾಕಿ ಉಳಿದದ್ದು ಮರಿ ಹೊರಬರುವ ಚಿತ್ರ ಒಂದೇ. ನಿವೃತ್ತಿ ಹತ್ತಿರ ಬಂದಿತ್ತು. ಆಮೇಲೆ ಪುಣೆಯಾಚೆ ನಿಗಡಿಯಲ್ಲಿದ್ದ ಮಗಳ ಮನೆಗೆ ಹೋಗುವುದೆಂದು ಗಟ್ಟಿಯಾಗಿತ್ತು. ಅಲ್ಲಿಂದ ಈ ಮಾಳಕ್ಕೆ ದಿನವೂ ಬರಲಾಗುತ್ತಿರಲಿಲ್ಲ.

ಅವರ ಹೆಂಡತಿ, ನಮಗೆಲ್ಲ ವೈನಿ, ರೊಟ್ಟಿಗಂಟು ಹಿಡಿದು ಜೊತೆಗೆ ಬರುತ್ತಿದ್ದರು. ಬದುವಿನ ಹಿಂದೆ ಛತ್ರಿ ಬಿಚ್ಚಿ ಕೂತು ಗಂಡನನ್ನು ಕೆಣಕುವುದು ಅವರ ರವಿವಾರದ ಕೆಲಸ.

“ನನ್ನ ಎರಡೂ ಬಾಣಂತನಕ್ಕ ಒಂದೊಂದ ಸಲ ಬಂದು ಮಾರಿ ತೋರಿಸಿ ಹ್ವಾದ್ರು,” ಎಂದು ನನಗೆ ಹೇಳುವರು, ಅವರಿಗೆ ಕೇಳುವಷ್ಟು ದೊಡ್ಡದಾಗಿ. “ಈಗ ನೋಡ್ರಿ, ಹಕ್ಕಿ ಬಾಣಂತನಕ್ಕ ಒಂದು ರವಿವಾರ ತಪ್ಪಂಗಿಲ್ಲ.”

“ಅದು ನಿನ್ನಂಗ ಬಾಣಂತಿ ಅಂಟಿನ ಉಂಡಿ ಕೇಳಂಗಿಲ್ಲಲ್ಲ,” ಎನ್ನುವರು ಅಣ್ಣಾ.

ಅವರ ಪದ್ಧತಿಯ ಬಗ್ಗೆ ಹೇಳಬೇಕು, ಎಲ್ಲ ಅದರ ಮೇಲೆಯೇ ನಿಂತಿದೆ. ಆ ಕಾಲದಲ್ಲಿ ಗೂಡಿನ ಚಿತ್ರ ತೆಗೆಯುವವರು ಬಹಳ ಮಂದಿ ನೇರವಾಗಿ ಹೋಗಿ ಕ್ಯಾಮೆರಾ ಊರಿಬಿಡುತ್ತಿದ್ದರು. ಹಕ್ಕಿ ಹೆದರಿ ದೂರ ನಿಲ್ಲುವುದು, ಬಿಸಿಲಿಗೆ ಮೊಟ್ಟೆ ಬೆಂದುಹೋಗುವುದು. ಅಣ್ಣಾನಿಗೆ ಅದು ಕಂಡರಾಗುತ್ತಿರಲಿಲ್ಲ. ಅವರು ಹಾಲಿನ ಪುಡಿಯ ಒಂದು ಖಾಲಿ ಡಬ್ಬಿಗೆ ಮಣ್ಣು ಬಳಿದು, ಮೊಣಕಾಲೆತ್ತರದ ಮೂರು ಬಿದಿರುಕಾಲಿನ ಮೇಲೆ ಕಟ್ಟಿ, ಗೂಡಿನಿಂದ ಬಹಳ ದೂರದಲ್ಲಿ ನಿಲ್ಲಿಸಿ ಬಂದುಬಿಡುತ್ತಿದ್ದರು. ಆಮೇಲೆ ಡ್ಯೂಟಿ ಮುಗಿದ ಸಂಜೆಗಳಲ್ಲಿ ಸೈಕಲ್ಲಿನಲ್ಲಿ ಹೋಗಿ ಅದನ್ನು ಚೂರುಚೂರೇ ಹತ್ತಿರ ಸರಿಸುವುದು. ಹಕ್ಕಿಗೆ ಆ ಡಬ್ಬಿ ಒಂದು ಕಲ್ಲಿನಷ್ಟೇ ಆಗಿಬಿಡಬೇಕು. ಕೊನೆಗೆ ಒಂದು ದಿನ ಡಬ್ಬಿ ಬಿಚ್ಚಿ ಅದೇ ಕಾಲುಗಳ ಮೇಲೆ ಕ್ಯಾಮೆರಾ. ದಾರಿಹೋಕರು ಆ ಮೂರು ಕಾಲು ನೋಡಿ ಪ್ಲಾಟಿನ ಮೋಜಣಿ, ಜಮೀನಿನ ಅಳತೆ ನಡೆದಿದೆ ಎಂದುಕೊಳ್ಳುತ್ತಿದ್ದರು. ಒಬ್ಬ ಮೋಟಾರ್ ಸೈಕಲ್ಲಿನವ ಇಳಿದು ಬಂದು, ಗುಂಟೆಗೆ ಏನು ದರ ಎಂದು ಮರಾಠಿಯಲ್ಲಿ ಕೇಳಿದ್ದ. ಅಣ್ಣಾ, ಮಾಲಕರು ಮೊಟ್ಟೆಯ ಮೇಲೆ ಕೂತಿದ್ದಾರೆ, ಎದ್ದ ಮೇಲೆ ಕೇಳಿ ಎಂದು ಕಳಿಸಿದ್ದರು.

ಕ್ಯಾಮೆರಾದಿಂದ ಒಂದು ಸಣ್ಣ ರಬ್ಬರ್ ನಳಿಗೆ ಹಿಂದಕ್ಕೆ ಹರಿದು ಬರುತ್ತಿತ್ತು, ಅದರ ತುದಿಗೆ ಒಂದು ರಬ್ಬರಿನ ಗುಂಡು. ಅಣ್ಣಾ ಅಲ್ಲಿ ಒಂದು ಗುಂಡಿಯಲ್ಲಿ ಪಾರ್ಸೆಲ್ಲಿನ ಹಳೆಯ ಗೋಣಿಗಳನ್ನು ಹೊದ್ದು ಮಲಗುತ್ತಿದ್ದರು. ಗುಂಡು ಹಿಸುಕಿದರೆ ಒಂದು ಚಿತ್ರ. ಮತ್ತೊಂದು ಬೇಕೆಂದರೆ ಎದ್ದು ಹೋಗಿ ಕೈಯಿಂದ ರೀಲು ತಿರುಗಿಸಬೇಕು, ಹಕ್ಕಿ ಹಾರುತ್ತದೆ. ಹಾಗಾಗಿ ಒಂದು ಬೆಳಿಗ್ಗೆಗೆ ಒಂದೇ ಚಿತ್ರ ಎಂಬುದು ಅವರ ನೇಮ. ಗುಂಡಿಯಿಂದ ಅವರಿಗೆ ಗೂಡು ಕಾಣುತ್ತಿರಲಿಲ್ಲ, ಬದುವಿನ ಹಿಂದೆ ನಿಂತ ನನ್ನ ಕೈ ಕಾಣುತ್ತಿತ್ತು. ನಾನು ಕೈ ಎತ್ತಿದಾಗ ಅವರು ಹಿಸುಕಬೇಕು.

ಇನ್ನೊಂದು ವಿಷಯ. ಸೂರ್ಯ ಕ್ಯಾಮೆರಾದ ಬೆನ್ನಿಗಿರುವಂತೆ ಕಾಲುಗಳನ್ನು ಗೂಡಿನ ಪೂರ್ವಕ್ಕೆ ಊರಿದ್ದರು. ಹಿಂದಿನ ರವಿವಾರ ಅದೇ ಹೊತ್ತಿನಲ್ಲಿ ಅಲ್ಲಿ ಕೂತು, ಕಾಲುಗಳ ನೆರಳು, ಡಬ್ಬಿಯ ನೆರಳು ಎಲ್ಲಿಯವರೆಗೆ ಬರುತ್ತದೆ ನೋಡಿ, ಅದು ಚಿತ್ರದೊಳಗೆ ಬಾರದಂತೆ ಅಳೆದು ನಿಲ್ಲಿಸಿದ್ದರು. ಚಿತ್ರದೊಳಗೆ ನೆರಳು ಬಂದಿದೆ ಎಂದರೆ ಅದು ಕ್ಯಾಮೆರಾದ ನೆರಳಲ್ಲ, ಕ್ಯಾಮೆರಾಕ್ಕಿಂತ ಮೇಲಿದ್ದ ಯಾವುದರದ್ದೋ ನೆರಳು.

ಆ ಬೆಳಿಗ್ಗೆ ಹೆಣ್ಣುಹಕ್ಕಿ ಗೂಡಿನ ಮೇಲಿತ್ತು. ಬಹಳ ಹೊತ್ತು ಅದು ಒಂದೇ ಸಮನೆ ಕೆಳಗೆ ನೋಡುತ್ತಿತ್ತು. ಎದ್ದು ನಿಂತಾಗ ಅದರ ಕಾಲುಗಳ ನಡುವೆ ಒದ್ದೆ ಬಟ್ಟೆಯ ಚೂರಿನಂಥ ಮರಿ ಕಂಡಿತು. ನಾನು ಕೈ ಎತ್ತಲಿಲ್ಲ, ಹಕ್ಕಿಯ ಬೆನ್ನು ಕ್ಯಾಮೆರಾದ ಕಡೆಗಿತ್ತು. ಅದು ಒಡೆದ ಚಿಪ್ಪಿನ ಒಂದು ಹೋಳನ್ನು ಕೊಕ್ಕಿನಲ್ಲಿ ಹಿಡಿದು ಹಾರಿತು. ಚಿಪ್ಪಿನ ಒಳಮೈ ಬೆಳ್ಳಗಿರುತ್ತದೆ, ದೂರದಿಂದ ಕಾಣುತ್ತದೆ. ಅದಕ್ಕೇ ಈ ಹಕ್ಕಿಗಳು ಮರಿಯಾದ ಕೂಡಲೇ ಚಿಪ್ಪನ್ನು ದೂರ ಒಯ್ದು ಬಿಸಾಡುತ್ತವೆ. ಗಂಡು ಕಾಲುವೆಯ ಕಡೆಗೆ ಹೋಗಿತ್ತು. ಗೂಡಿನ ಮೇಲೆ ಆಗ ಯಾರೂ ಇರಲಿಲ್ಲ.

“ಕಾಗಿ ಬಂತು ನೋಡ್ರಿ,” ಎಂದರು ವೈನಿ.

ಮೊದಲು ನೋಡಿದ್ದು ಅವರು. ನಾನು ದುರ್ಬೀನಿನಲ್ಲಿ ಹೆಣ್ಣುಹಕ್ಕಿಯ ಹಿಂದೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಕಾಡುಕಾಗೆ ಕ್ಯಾಮೆರಾದ ಮೇಲೆ ಕೂತಾಗಿತ್ತು. ಅದು ಹೊಸದಾಗಿ ಕೂತಂತೆ ಕೂರಲಿಲ್ಲ. ರೆಕ್ಕೆ ಮಡಚಿ, ಕಾಲು ಸರಿ ಮಾಡಿಕೊಂಡು, ತನ್ನ ಜಾಗಕ್ಕೆ ಬಂದಂತೆ ಕೂತಿತು. ಆ ಮಾಳದಲ್ಲಿ ಮರವಿಲ್ಲ. ಎತ್ತರದ ಕಲ್ಲಿಲ್ಲ, ತಂತಿಯಿಲ್ಲ. ಕಾಗೆಗಳು ಅದರ ಮೇಲೆ ಹಾರಿಹೋಗುತ್ತಿದ್ದವೇ ಹೊರತು ಇಳಿಯುತ್ತಿರಲಿಲ್ಲ, ಇಳಿದರೆ ಟಿಟ್ಟಿಭಗಳು ಬಿಡುತ್ತಿರಲಿಲ್ಲ. ಕೂತು, ಕಾದು, ನೋಡುವುದಕ್ಕೆ ಅಲ್ಲಿ ಇದ್ದದ್ದು ಒಂದೇ ಜಾಗ, ನಾವು ಊರಿದ್ದು.

ಹೆಣ್ಣು ವಾಪಸು ಬಂತು. ಗೂಡಿನ ಮುಂದೆ ಇಳಿದು, ರೆಕ್ಕೆ ಹರಡಿ, ಮುಖ ಮೇಲೆತ್ತಿ ಕೂಗಿತು. ಅದು ನೋಡುತ್ತಿದ್ದದ್ದು ಕ್ಯಾಮೆರಾವನ್ನಲ್ಲ. ಅಣ್ಣಾ ಗುಂಡಿಯಲ್ಲಿ ಆ ಕೂಗು ಕೇಳಿದರು. ನನ್ನ ಕೈ ಕೆಳಗೇ ಇತ್ತು. ಹಕ್ಕಿ ಮರಿಯ ಹತ್ತಿರ ಬಂದು ಕೂಗುತ್ತಿದೆ, ಇವನು ಎಲ್ಲೋ ನೋಡುತ್ತಿದ್ದಾನೆ ಎಂದುಕೊಂಡರಂತೆ. ಹಿಸುಕಿದರು.

ಕ್ಯಾಮೆರಾದ ಸದ್ದು ನನ್ನವರೆಗೆ ಬರಲಿಲ್ಲ. ಕಾಗೆ ತನ್ನ ಕಾಲ ಕೆಳಗಿನ ಸದ್ದಿಗೆ ಬೆಚ್ಚಿದ್ದು ಕಂಡಿತು. ಬೆಚ್ಚಿದ ಹಕ್ಕಿ ಮೇಲಕ್ಕೆ ಹಾರಬೇಕು. ಇದು ಮುಂದಕ್ಕೆ ಹಾರಿತು, ಗೂಡಿನ ಮೇಲೆ. ಎಲ್ಲ ಸೇರಿ ಒಂದು ಉಸಿರಿನಷ್ಟು ಹೊತ್ತು. ವೈನಿ ಛತ್ರಿ ಬಿಟ್ಟು ಓಡಿದರು, ನಾನೂ ಓಡಿದೆ. ಗಂಡುಹಕ್ಕಿ ಎಲ್ಲಿಂದಲೋ ಬಂತು, ಎರಡೂ ಸೇರಿ ಕಾಗೆಯನ್ನು ಕಬ್ಬಿನ ಕಡೆಗೆ ಅಟ್ಟಿಸಿಕೊಂಡು ಹೋದವು. ಕಾಗೆಯ ಕೊಕ್ಕಿನಲ್ಲಿ ಮರಿ ಇತ್ತು.

ಅಣ್ಣಾ ಗೋಣಿ ಸರಿಸಿ ಎದ್ದು ನಿಂತಿದ್ದರು. ಏನಾಯಿತು ಎಂದು ಕೇಳಲಿಲ್ಲ. ಎಲ್ಲಿ ಕೂತಿತ್ತು ಎಂದು ಮಾತ್ರ ಕೇಳಿದರು.

“ಕ್ಯಾಮೆರಾದ ಮ್ಯಾಲ,” ಎಂದರು ವೈನಿ.

ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಣ್ಣಾ ಮೂರು ಕಾಲನ್ನೂ ಕಿತ್ತು, ಊರಿದ್ದ ತೂತುಗಳನ್ನು ಕಾಲಿನಿಂದ ಮುಚ್ಚಿದರು. ಮುಂದಿನ ರವಿವಾರ ಹೋದಾಗ ಗೂಡು ಖಾಲಿ ಇತ್ತು, ಚಿಪ್ಪಿನ ಒಂದು ಚೂರೂ ಇರಲಿಲ್ಲ. ಉಳಿದ ಮೂರು ಮರಿಯಾಗಿ ತಾಯಿಯ ಹಿಂದೆ ನಡೆದುಹೋದವೋ, ಕಾಗೆ ಮತ್ತೆ ಬಂತೋ ನನಗೆ ಗೊತ್ತಿಲ್ಲ. ಮರಿಯಾಗಿರಬೇಕು ಎಂದು ನಾನು ಹೇಳಿದ್ದುಂಟು, ಅಣ್ಣಾನ ಮುಖ ನೋಡಲಾಗದೆ. ಅದಕ್ಕೆ ಆಧಾರವಿರಲಿಲ್ಲ.

ಸ್ಲೈಡು ಕ್ಯಾಂಪಿನ ಸ್ಟುಡಿಯೋದಲ್ಲಿ ತೊಳೆದು ಬಂದಾಗ ನಾನೇ ತಂದುಕೊಟ್ಟೆ. ಸ್ಟುಡಿಯೋದವನು ಅದನ್ನು ದೀಪಕ್ಕೆ ಹಿಡಿದು ನೋಡಿದ. ಇಂಥದ್ದು ನಾನು ನೋಡಿಲ್ಲ ಎಂದ. ನಿಜ. ಅಷ್ಟು ಚೆನ್ನಾದ ಚಿತ್ರ ಅಣ್ಣಾ ಅದಕ್ಕೆ ಮೊದಲು ತೆಗೆದಿರಲಿಲ್ಲ. ಪ್ರತಿ ಗರಿ ಕಾಣುತ್ತಿತ್ತು, ಕಣ್ಣಿನ ಮುಂದಿನ ಹಳದಿ ತೊಗಲಿನ ಮೇಲೆ ಬಿಸಿಲು ಮಿಂಚುತ್ತಿತ್ತು. ಕೆಳಗೆ ಎಡ ಅಂಚಿನಲ್ಲಿ ಒಂದು ಕಪ್ಪು ನೆರಳು, ಒಂದು ಗೂನು ಮತ್ತು ಅದರಿಂದ ಎಡಕ್ಕೆ ಚಾಚಿದ ದಪ್ಪ ಮೊನೆ. ಗೊತ್ತಿಲ್ಲದವರು ಯಾವುದೋ ಕಲ್ಲಿನ ನೆರಳು ಎನ್ನುತ್ತಿದ್ದರು.

ಅಣ್ಣಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರನ್ನು ಕಾಡಿದ್ದು ಆ ಒಂದು ಮರಿಯಷ್ಟೇ ಅಲ್ಲ. ತಮ್ಮ ಪದ್ಧತಿಯನ್ನು ಅವರು ಎಷ್ಟೋ ಮಂದಿಗೆ ಕಲಿಸಿದ್ದರು, ಹೀಗೆ ಮಾಡಿದರೆ ಹಕ್ಕಿಗೆ ತೊಂದರೆಯಿಲ್ಲ ಎಂದು ಹೇಳಿ ಹೇಳಿ. ಆ ಬೇಸಿಗೆಯಲ್ಲೇ ಪುಣೆಯ ಸುತ್ತಿನ ಮಾಳಗಳಲ್ಲಿ ಅಂಥ ಡಬ್ಬಿಗಳು ನಿಂತಿದ್ದವು, ದಿನಗಟ್ಟಲೆ, ಯಾರೂ ಕಾಯದೆ. ಹಿಂದಿನ ವರ್ಷಗಳಲ್ಲಿ ತಾವೇ ಚಿತ್ರ ತೆಗೆಯುತ್ತಿದ್ದ ಎರಡು ಮೂರು ಗೂಡು ಕಾರಣವಿಲ್ಲದೆ ಖಾಲಿಯಾಗಿದ್ದವು. ನಾಯಿ ಇರಬೇಕು, ಮುಂಗುಸಿ ಇರಬೇಕು ಎಂದುಕೊಂಡಿದ್ದರು. ಅವನ್ನೆಲ್ಲ ಈಗ ಒಂದೊಂದಾಗಿ ನೆನಪಿಸಿಕೊಂಡು ನನಗೆ ಹೇಳಿದರು. ಎಲ್ಲದಕ್ಕೂ ಡಬ್ಬಿ ಇತ್ತು.

ಈ ಚಿತ್ರವನ್ನೇ ತೋರಿಸಿ ಎಲ್ಲರಿಗೂ ಹೇಳಿಬಿಡಬೇಕು ಎಂದು ಅವರು ನಿಶ್ಚಯಿಸಿದರು. ಮಳೆಗಾಲದಲ್ಲಿ ಪುಣೆಯ ಕನ್ನಡಿಗರು ಸೇರುತ್ತಿದ್ದ ಒಂದು ಸಭಾಗೃಹದಲ್ಲಿ ಅವರ ಸ್ಲೈಡ್ ಪ್ರದರ್ಶನ ಇಟ್ಟಿದ್ದರು. ಅಂಗಡಿಯವರು, ಬ್ಯಾಂಕಿನವರು, ಮಕ್ಕಳನ್ನು ಕಟ್ಟಿಕೊಂಡ ಹೆಂಗಸರು, ಹಿಂದೆ ಕ್ಯಾಮೆರಾ ಕಲಿಯುತ್ತಿದ್ದ ಹುಡುಗರ ಒಂದು ಸಾಲು. ಅಣ್ಣಾ ಮಾತಿನಲ್ಲಿ ತಮಾಷೆಯವರು, ಜನ ಅದಕ್ಕೂ ಬರುತ್ತಿದ್ದರು. ಆ ಸಂಜೆಯೂ ತೊಯ್ದ ಹೊಟ್ಟೆಯ ಸ್ಲೈಡು ಬಂದಾಗ, ಇದು ನಮ್ಮ ಮನೆಯ ಕೂಲರಿಗಿಂತ ಚಲೋ, ಕರೆಂಟು ಹೋದರೂ ನಡೆಯುತ್ತದೆ ಎಂದರು. ಜನ ನಕ್ಕರು. ಈಗ ಯೋಚಿಸಿದರೆ ಆ ನಗೆಯೇ ಆಮೇಲಿನದನ್ನು ಕೆಡಿಸಿತು.

ಆ ಸ್ಲೈಡು ಬಿತ್ತು. ಇಡೀ ಸಭೆ ‘ಆಹಾ’ ಎಂದಿತು. ಮುಂದಿನ ಸಾಲಿನ ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಡೆದಾಕಿ ಅಂದ್ರ ಹಡೆದಾಕಿ ನೋಡವ್ವಾ,” ಎಂದಳು. ಚಪ್ಪಾಳೆ ಎದ್ದಿತು. ಅಣ್ಣಾ ಅದು ನಿಲ್ಲುವವರೆಗೆ ಕಾದು, ಕೋಲಿನ ತುದಿಯನ್ನು ಎಡ ಅಂಚಿನ ನೆರಳಿನ ಮೇಲಿಟ್ಟರು.

“ಇದು ಕಾಗಿ,” ಎಂದರು. “ನನ್ನ ಕ್ಯಾಮೆರಾದ ಮ್ಯಾಲ ಕೂತದ. ಅದನ್ನ ಕರಕೊಂಡ ಬಂದಾಂವ ನಾನಽ.”

ಹಿಂದಿನಿಂದ ಯಾರೋ ಕೂಗಿದರು: “ಕಾಗಿಗೆ ಪಗಾರ ಎಷ್ಟ ಕೊಟ್ರಿ, ಅಣ್ಣಾ?”

ಸಭೆ ಹೋ ಎಂದು ನಕ್ಕಿತು. ಅಣ್ಣಾ ಬಾಯಿ ತೆರೆದರು. ಪರದೆಯ ಬೆಳಕಿನಲ್ಲಿ ನನಗೆ ಅವರ ಮುಖ ಸರಿಯಾಗಿ ಕಾಣುತ್ತಿತ್ತು. ಮುಂದೆ ಹೇಳಬೇಕಾದ್ದು ಅಲ್ಲಿ ಬಂದು ನಿಂತಿತ್ತು: ಡಬ್ಬಿಗಳ ವಿಷಯ, ಖಾಲಿಯಾದ ಗೂಡುಗಳು, ಎಲ್ಲವನ್ನೂ ಕಿತ್ತುಹಾಕಿ ಎಂಬ ಮಾತು. ನಗು ಇಳಿಯುತ್ತ ಮತ್ತೆ ಏರುತ್ತಿತ್ತು, ಮಕ್ಕಳು ಕಾಗೆಯಂತೆ ಕೂಗತೊಡಗಿದ್ದವು. ನನ್ನ ಪಕ್ಕದಲ್ಲಿ ವೈನಿ ಸೀಟಿನ ತುದಿಗೆ ಬಂದು ಕೂತಿದ್ದರು.

“ಇನ್ನೊಮ್ಮೆ ಹೇಳ್ರಿ,” ಎಂದರು, ನನಗಷ್ಟೇ ಕೇಳುವಂತೆ. “ಇನ್ನೊಮ್ಮೆ ಹೇಳ್ರಿ.”

ಅಣ್ಣಾ ಮುಗುಳ್ನಕ್ಕು ಮುಂದಿನ ಸ್ಲೈಡು ಹಾಕಿದರು.

ಅವರಿಗೆ ಯಾಕೆ ಆಗಲಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಹೆದರಿದವರಲ್ಲ. ಹೊಗಳಿಕೆಯ ಆಸೆಯೂ ಅಲ್ಲ. ನಗಿಸುವವನಿಗೆ ಅಳುವುದನ್ನು ಯಾರೂ ಕಲಿಸಿರುವುದಿಲ್ಲ, ಅಷ್ಟೇ ಇರಬೇಕು. ಮರುವರ್ಷ ಕ್ಯಾಲೆಂಡರಿಗೆ ಆ ಚಿತ್ರ ಬೇಕೆಂದು ಬಂದವರಿಗೆ ಅವರು, ಹಾಕಿರಿ, ಆದರೆ ಕೆಳಗೆ ನಾನು ಹೇಳಿದ್ದನ್ನು ಅಚ್ಚು ಹಾಕಿರಿ ಎಂದು ಒಂದು ಕಾಗದದ ಮೇಲೆ ಬರೆದು ಕೊಟ್ಟರು. ಜಾಗ ಸಾಲಲಿಲ್ಲವಂತೆ. ‘ತಾಯಿ’ ಎಂದು ಅಚ್ಚಾಗಿ ಬಂತು. ಎಡ ಅಂಚನ್ನು ಅರ್ಧ ಕತ್ತರಿಸಿದ್ದರು, ಕೊಕ್ಕು ಹೋಗಿ ಗೂನು ಮಾತ್ರ ಉಳಿದಿತ್ತು. ಆ ಕ್ಯಾಲೆಂಡರ್ ವರ್ಷ ಮುಗಿದ ಮೇಲೂ ಎಷ್ಟೋ ಅಡುಗೆಮನೆಗಳ ಗೋಡೆಯ ಮೇಲೆ ಉಳಿಯಿತು.

ಚಿತ್ರ ನೋಡಿ, ಹೀಗೆ ತೆಗೆಯುವುದು ಹೇಗೆಂದು ಕಲಿಯಲು ಹೊಸಬರು ಬರತೊಡಗಿದರು. ಅಣ್ಣಾ ಒಬ್ಬೊಬ್ಬರಿಗೂ ಕಾಗೆಯ ವಿಷಯ ಹೇಳಿದರು. ಅವರು ಹೌದ್ರಿ ಹೌದ್ರಿ ಎಂದು ಕೇಳಿಕೊಂಡು ಹೋಗಿ ಡಬ್ಬಿಯ ಮೇಲೆ ಮುಳ್ಳು ಕಟ್ಟಿದರು. ಕಾಗೆ ಕೂಡದಿದ್ದರಾಯಿತು ಎಂದು ಅವರ ಲೆಕ್ಕ. ಅದು ಮುಳ್ಳಿನ ಮೇಲೂ ಕೂತಿತು. ನಿವೃತ್ತಿಯಾದ ಮೇಲೆ ಅಣ್ಣಾ ಚಿತ್ರ ತೆಗೆಯುವುದನ್ನು ಬಿಟ್ಟರು. ಬೇಸಿಗೆಯಲ್ಲಿ ನಿಗಡಿಯಿಂದ ಬಸ್ಸು, ರೈಲು ಹಿಡಿದು ಬಂದು ಮಾಳ ಮಾಳ ತಿರುಗಿ ಕಂಡ ಡಬ್ಬಿಗಳನ್ನು ಕೀಳುತ್ತಿದ್ದರು. ಕೆಲವು ಸಲ ನಾನು ಜೊತೆಗಿದ್ದೆ. ಒಂದು ಸಲ ಡಬ್ಬಿಯ ಒಡೆಯನೇ ಎದುರಾದ, ಒಬ್ಬ ಇಂಜಿನಿಯರ್ ಹುಡುಗ. ಬೈದ. ಆಮೇಲೆ ಇವರು ಯಾರೆಂದು ತಿಳಿದು ಕಾಲುಮುಟ್ಟಿ ನಮಸ್ಕಾರ ಮಾಡಿ, ನಿಮ್ಮದೇ ಪದ್ಧತಿ ಸರ್ ಎಂದ. ಬೈದದ್ದೇ ಚಲೋ ಇತ್ತು ಎಂದು ವಾಪಸು ಬಂದು ರೈಲಿನಿಂದ ಇಳಿಯುವಾಗ ಅಣ್ಣಾ ಹೇಳಿದರು.

೨೦೦೭ರ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡರು. ಅದೇ ಸಭಾಗೃಹದಲ್ಲಿ ನೆನಪಿನ ಸಭೆ ಮಾಡಿದರು. ಅಷ್ಟೊತ್ತಿಗೆ ಪ್ರೊಜೆಕ್ಟರ್ ಬೇರೆ ಬಂದಿತ್ತು. ವೇದಿಕೆಯ ಹಿಂದಿನ ಇಡೀ ಗೋಡೆಗೆ ಆ ಹಕ್ಕಿ ರೆಕ್ಕೆ ಹರಡಿ ನಿಂತಿತ್ತು, ಕೆಳಗೆ ಅದೇ ಎರಡಕ್ಷರ. ಮಾತಾಡಿದವರೆಲ್ಲ ತಾಯ್ತನದ ಬಗ್ಗೆ ಮಾತಾಡಿದರು. ನಾನೂ ಎದ್ದು, ಕಾಗೆಯ ಸಂಗತಿಯನ್ನು ಇಲ್ಲಿ ಬರೆದಂತೆಯೇ ಹೇಳಿದೆ. ಜನ ತಲೆ ಕೆಳಗೆ ಹಾಕಿ ಕೇಳಿದರು. ನನ್ನ ನಂತರ ಮಾತಾಡಿದವರು, ಎಂಥ ವಿನಯ ನೋಡಿ, ತಮ್ಮ ಶ್ರೇಷ್ಠ ಚಿತ್ರದ ಬಗ್ಗೆಯೂ ಅವರಿಗೆ ಅಸಮಾಧಾನ ಇತ್ತು ಎಂದರು.

ಕೊನೆಗೆ ವೈನಿಯನ್ನು ಎರಡು ಮಾತಿಗೆ ಕರೆದರು. ಅವರು ಮೈಕಿನ ಹತ್ತಿರ ಹೋಗಲಿಲ್ಲ. ಗೋಡೆಯ ಕಡೆಗೆ ತಿರುಗಿ ನಿಂತು, ಕೂತವರಿಗೆಲ್ಲ ಕೇಳುವಂತೆ ಹೇಳಿದರು.

“ಅದನ್ನ ತಗೀರಿ. ಅವರು ಹೇಳಿದ್ದು ಅದರಾಗಿಲ್ಲ.”

ದುಃಖದಲ್ಲಿದ್ದಾರೆ ಎಂದು ಯಾರೋ ಕೈಹಿಡಿದು ಕೂರಿಸಿದರು, ಇನ್ಯಾರೋ ನೀರು ತಂದರು. ಚಿತ್ರ ಸಭೆ ಮುಗಿಯುವವರೆಗೆ ಹಾಗೆಯೇ ಇತ್ತು.

ಆ ಮಾಳದಲ್ಲಿ ಆ ಬೆಳಿಗ್ಗೆ ನಾವು ಮೂವರಿದ್ದೆವು. ಕೂಗು ಕೇಳಿ ಗುಂಡು ಹಿಸುಕಿದವರು ಈಗ ಇಲ್ಲ, ಅವರಿಗೆ ಕಂಡದ್ದಾದರೂ ಗೂಡಲ್ಲ, ನನ್ನ ಕೈ. ಕಾಗೆ ಕೂತದ್ದನ್ನು, ಹಕ್ಕಿ ಯಾವ ಕಡೆ ನೋಡಿ ಕೂಗಿತೆಂಬುದನ್ನು, ಕಾಗೆ ಯಾವ ಕಡೆಗೆ ಹಾರಿತೆಂಬುದನ್ನು ಕಣ್ಣಾರೆ ಕಂಡವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ವೈನಿ. ನಿಗಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಕೇಳಿದವರಿಗೆ ಹೇಳುತ್ತಾರೆ.